ಆಡಲ್ಲ, ಅದು ಕುರಿ

ಪಾಠ ಹೇಳುವವರು ಸುಲಭಕ್ಕೆ ಒಪ್ಪಿಕೊಳ್ಳದ ಒಂದು ವಿಷಯವನ್ನು ನಿಮ್ಮೆದುರು ಹೇಳಿಬಿಡುತ್ತೇನೆ. ನಾನು ತಮಿಳುನಾಡಿನ ಮಾರಂಡಹಳ್ಳಿಯ ಮಗಳು, ಮನೆಮಾತು ಕನ್ನಡ. ಪೆನ್ನಾಗರದಿಂದ ಬಸ್ಸು ಹತ್ತಿ ಕಾಡಂಚಿನ ಸರ್ಕಾರಿ ಶಾಲೆಯ ಮುಂದೆ ಇಳಿಯುವಷ್ಟರಲ್ಲಿ ಪೂರಾ ತಮಿಳಿನವಳಾಗಿರುತ್ತೇನೆ. ನನ್ನ ತರಗತಿಯ ಅರ್ಧ ಮಕ್ಕಳು ಕನ್ನಡದವರೇ. ಕನ್ನಡ ಕಿವಿಗೆ ಬಿದ್ದರೆ ಅವರ ತಮಿಳು ಕೆಡುತ್ತದೆ ಎಂದು ನಂಬಿ, ಇಪ್ಪತ್ತು ವರ್ಷ ಅವರೆದುರು ಒಂದು ಕನ್ನಡ ಪದವನ್ನೂ ಉಸಿರಿರಲಿಲ್ಲ. ನನ್ನ ತಮಿಳು ಮಾತ್ರ ಹೇಗೆ ಕೆಡದೆ ಉಳಿಯಿತು ಎಂದು ಯೋಚಿಸಿದವಳೂ ಅಲ್ಲ.

ಹೊಸ ಪಠ್ಯ ಬಂದಾಗ ಧರ್ಮಪುರಿಯಲ್ಲಿ ತರಬೇತಿ ಕೊಟ್ಟರು. ಮಗುವೇ ಕೇಂದ್ರ, ಯಾವ ಮಗುವೂ ಹೊರಗುಳಿಯಬಾರದು ಎಂದರು. ಉತ್ಸಾಹದಿಂದ ಮರಳಿದವಳೇ ಬೆಂಚುಗಳನ್ನು ಗೋಡೆಗೆ ಸರಿಸಿ, ಮಕ್ಕಳನ್ನು ದುಂಡಗೆ ಕೂರಿಸಿ, ಸರಿಯಾಗಿ ನಡುವೆ ನಾನೇ ನಿಂತುಕೊಂಡೆ. ಕೇಂದ್ರದಲ್ಲಿ ಯಾರಿದ್ದಾರೆಂದು ನೋಡಿಕೊಳ್ಳುವ ವ್ಯವಧಾನ ಇರಲಿಲ್ಲ. ಏನೋ ತಪ್ಪುತ್ತಿದೆ ಎಂಬ ಚಡಪಡಿಕೆ ಮಾತ್ರ ಇತ್ತು.

ಆ ಚಡಪಡಿಕೆಗೆ ಒಂದು ಹೆಸರೂ ಇತ್ತು: ಮಾದೇವಿ. ಎರಡನೇ ತರಗತಿ, ಕುರಿ ಸಾಕುವವರ ಮನೆಯ ಹುಡುಗಿ. ಶಾಲೆಗೆ ಸೇರಿದಾಗಿನಿಂದ ಬಾಯಿ ಬಿಟ್ಟವಳಲ್ಲ. ಹೊಸ ಪದ್ಧತಿಯ ಪ್ರಕಾರ ಫೋನಿನಲ್ಲಿ ಚಿತ್ರ ತೋರಿಸಿ ಪರೀಕ್ಷೆ ಮಾಡಬೇಕಿತ್ತು. ಮೈತುಂಬ ಉಣ್ಣೆಯಿದ್ದ ಒಂದು ಪ್ರಾಣಿಯ ಚಿತ್ರ ಬಂತು. "ಇದು ಆಡು ತಾನೇ?" ಎಂದು ತಮಿಳಿನಲ್ಲಿ ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಮತ್ತೆ ಕೇಳಿದೆ, ಮತ್ತೆ ಅದೇ. ಫೋನು ಕೆಂಪು ಗುರುತು ಹಾಕಿತು. ಅದರ ಮಾತು ಕೇಳಿ ಅವಳನ್ನು ಕಲಿಕೆಯಲ್ಲಿ ಹಿಂದುಳಿದವರ ಗುಂಪಿಗೆ ಹಾಕಿದೆ.

ವಾರದೊಳಗೆ ಅವಳ ತಾಯಿ ಕೆಂಪಮ್ಮ ಬಂದರು. ನನ್ನೊಡನೆ ತಮಿಳಿನಲ್ಲೇ ಶುರುಮಾಡಿದರು, ದುಃಖ ಬಂದಾಗ ಕನ್ನಡಕ್ಕೆ ಜಾರಿದರು.

"ಓದು ಅತ್ತಲ್ಲ ಅಂದ್ಮ್ಯಾಲೆ ಯಾಕಮ್ಮ ಸುಮ್ನೆ? ಮೆಟ್ಟೂರಾಗೆ ನಮ್ಮಕ್ಕನ ಮನೆ ಐತೆ. ಅಲ್ಲಿ ಕೂಸು ನೋಡ್ಕಂಡಿರ್ಲಿ. ಮನೇಲಿ ಬಾಯೇ ಮುಚ್ಚಲ್ಲ, ಇಲ್ಲಿ ಮೂಗಿ ಆಗೋಗವ್ಳೆ."

ಮನೆಯಲ್ಲಿ ಬಾಯಿ ಮುಚ್ಚುವುದಿಲ್ಲ ಎಂಬ ಮಾತು ನನ್ನನ್ನು ಕೂರಲು ಬಿಡಲಿಲ್ಲ. ಅಂದು ಸಂಜೆ ಬಸ್ಸು ಬಿಟ್ಟು ಅವರ ಹಟ್ಟಿಗೆ ನಡೆದೆ. ಮಾದೇವಿ ಕುರಿಗಳ ನಡುವೆ ನಿಂತು ಒಂದಕ್ಕೆ ಬೈಯುತ್ತ, ಇನ್ನೊಂದಕ್ಕೆ ಬುದ್ಧಿ ಹೇಳುತ್ತ ಇದ್ದಳು. ನನ್ನನ್ನು ಕಂಡು ಗಪ್ಪಾದಳು. ಬೇರೆ ದಾರಿ ತೋಚದೆ ಕನ್ನಡದಲ್ಲಿ ಕೇಳಿದೆ, "ಅವತ್ತು ಯಾಕವ್ವ ತಲೆ ಆಡಿಸ್ದೆ?"

ಅವಳು ದಿಟ್ಟಿಸಿದಳು. "ಟೀಚರ್, ನಿಮ್ಗೂ ನಮ್ ಮಾತು ಬತ್ತದಾ?"

ನಾಚುತ್ತಲೇ ಹೂಂ ಎಂದೆ. ಅವಳೇ ಮುಂದುವರಿಸಿದಳು. "ಅದು ಆಡಲ್ಲ ಟೀಚರ್, ಕುರಿ. ಆಡು ಬಾಲ ಮ್ಯಾಕೆತ್ಕಂಡಿರ್ತದೆ, ಕುರೀದು ಕೆಳಕ್ಕಿರ್ತದೆ. ಫೋನಾಗಿದ್ದದ್ದು ಕೆಳಕ್ಕೇ ಇತ್ತು."

ತಮಿಳಿನ ಆಡು ಎರಡೂ ಪ್ರಾಣಿಗಳನ್ನು ಒಂದೇ ಹೆಸರಲ್ಲಿ ಮೇಯಿಸುತ್ತದೆ. ಬೇರೆಮಾಡಿ ಹೇಳಬೇಕೆಂದರೆ ಕುರಿಯನ್ನು ಸೆಮ್ಮರಿಯಾಡು ಎನ್ನಬೇಕು. ಕನ್ನಡದ ಆಡು ಮೇಕೆ ಮಾತ್ರ. ತಮಿಳಿನಲ್ಲಿ ಕುರಿ ಎಂದರೆ ಗುರುತು, ಗುರಿ. ಇಷ್ಟೆಲ್ಲ ನನಗೆ ಮೊದಲೇ ಗೊತ್ತಿತ್ತು. ಎರಡೂ ಭಾಷೆ ನನ್ನವೇ. ಗೊತ್ತಿದ್ದೂ ಹೊಳೆಯದಂತೆ ನನ್ನನ್ನು ತಯಾರುಮಾಡಲು ಎಷ್ಟು ತರಬೇತಿ ಬೇಕಾಯಿತೋ.

ಮರುದಿನ ಮಾದೇವಿಯನ್ನು ಬೋರ್ಡಿನ ಮುಂದೆ ನಿಲ್ಲಿಸಿ, ನಿನ್ನ ಮಾತಿನಲ್ಲೇ ಹೇಳು ಎಂದೆ. ಅವಳು ಬಾಲ ಬರೆದಳು. ಕೊಂಬು, ಉಣ್ಣೆ, ಕೆಮ್ಮು, ರೋಗ, ಎಲ್ಲ ಹೇಳಿದಳು. ಅವಳು ಹೇಳಿದ್ದನ್ನು ನಾನು ತಮಿಳಿಗೆ ತಂದೆ. ತಮಿಳು ಮಕ್ಕಳು ಪ್ರಶ್ನೆ ಕೇಳಿದರು, ಕನ್ನಡದ ಮಕ್ಕಳು ಕೈಯೆತ್ತದೆಯೇ ಉತ್ತರ ಕೊಟ್ಟರು. ಹೆಡ್ಮಾಸ್ಟರು ಇಣುಕಿ, "ಎನ್ನ ಟೀಚರ್, ಕ್ಲಾಸಾ ಸಂದೈಯಾ?" ಎಂದು ಕೇಳಿದರು. ಸಂತೆಯೇ ಸರ್ ಎಂದೆ. ಹೋದರು, ನಗಲಿಲ್ಲ.

ಕೆಂಪಮ್ಮನಿಗೆ ಹೇಳಿಕಳಿಸಿದೆ. ಬಂದು ಬಾಗಿಲಲ್ಲಿ ನಿಂತು ಮಗಳ ಗದ್ದಲ ಕೇಳಿದರು. "ಈ ವರ್ಸ ಇರ್ಲಿ ಬುಡಿ," ಎಂದಷ್ಟೇ ಹೇಳಿ ಹೋದರು. ಮುಂದಿನ ವರ್ಷದ ಮಾತನ್ನು ಅವರೂ ಎತ್ತಲಿಲ್ಲ, ನನಗೂ ಕೇಳುವ ಧೈರ್ಯ ಬರಲಿಲ್ಲ.

ಮುಗಿಯಿತು ಅನ್ನುತ್ತೀರಾ? ನನಗೇನೂ ನೆಮ್ಮದಿಯಿಲ್ಲ. ಬಾಯಿ ಬಿಟ್ಟ ಮಕ್ಕಳು ಮತ್ತೆ ಮುಚ್ಚುವುದಿಲ್ಲ, ಪಾಠ ಹೊತ್ತಿಗೆ ಮುಗಿಯುವುದಿಲ್ಲ. ಮೊನ್ನೆ ಸಮುದ್ರದ ಪಾಠ ತೆಗೆದೆ. ವರ್ಷ ವರ್ಷವೂ ಅಲೆಗಳನ್ನು ಕಣ್ಣಾರೆ ಕಂಡವಳಂತೆ ಬಣ್ಣಿಸಿದ್ದೇನೆ. ಬಣ್ಣಿಸಲು ಕೈಯೆತ್ತಿದೆ, ಅಷ್ಟರಲ್ಲಿ ಮಾದೇವಿ, "ನೀವು ನೋಡಿದ್ದೀರಾ ಟೀಚರ್?" ಎಂದಳು.

ಎತ್ತಿದ ಕೈ ಹಾಗೇ ನಿಂತಿತು. ಮೂವತ್ತು ಜೋಡಿ ಕಣ್ಣು ನನ್ನ ಮೇಲಿದ್ದವು. ಇಲ್ಲ ಎಂದೆ.

"ನಾನೂ ನೋಡಿಲ್ಲ ಬುಡಿ," ಎಂದಳು, ಸಮಾಧಾನ ಮಾಡುವ ದನಿಯಲ್ಲಿ.