ನಾನು ಓಡಿಸಿಬಿಟ್ಟ ಪ್ರೇಮದೃಶ್ಯಗಳು

ಮಗಳು, ಅಳಿಯ ಇಬ್ಬರೂ ಡಾಟ್‌ಕಾಮ್ ಕಂಪನಿಗಳಲ್ಲಿ ಮುಳುಗಿದ್ದ ಆ ಕಾಲದಲ್ಲಿ, ಫ್ರೀಮಾಂಟಿನ ಅಪಾರ್ಟ್‌ಮೆಂಟಿನಲ್ಲಿ ನನ್ನ ಮಧ್ಯಾಹ್ನಗಳು ಮುಗಿಯುತ್ತಲೇ ಇರಲಿಲ್ಲ. ಅವನ್ನು ಸಹ್ಯವಾಗಿಸಿದವರು ಪಕ್ಕದ ಮನೆಯ ಆಫ್ರಿಕನ್-ಅಮೆರಿಕನ್ ಮಹಿಳೆ. ಓಕ್ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು ರಿಟೈರ್ ಆದವರು, ನನ್ನ ಹಾಗೆ ಗಂಡನನ್ನು ಕಳೆದುಕೊಂಡವರು. ತಮ್ಮ ಜನರ ಲವ್ ಸ್ಟೋರಿಗಳ ಕ್ಯಾಸೆಟ್ ಅವರು ತರುತ್ತಿದ್ದರು. ಟೀ ನನ್ನದು. ಟಿ.ವಿ. ನಮ್ಮ ಮನೆಯದಾದ್ದರಿಂದ ರಿಮೋಟೂ ನನ್ನದೇ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸಿನಿಮಾ ತೋರಿಸುವಾಗ ನಾಯಕ ನಾಯಕಿಯರ ಮುಖ ಹತ್ತಿರ ಬಂದರೆ ಸಿಸ್ಟರ್ ಪ್ರೊಜೆಕ್ಟರಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಅಜ್ಜಿಯಾದ ಮೇಲೂ ನನಗೆ ಆ ಕೈ ಬೇಕು. ಮುಖಗಳು ಹತ್ತಿರ ಬಂದವೋ, ನಾನು ಫಾಸ್ಟ್ ಫಾರ್ವರ್ಡ್ ಒತ್ತುತ್ತಿದ್ದೆ. ಈ ವಯಸ್ಸಿನಲ್ಲಿ ನಾನು ಕೆಟ್ಟುಹೋಗಬಾರದಲ್ಲ.

ಒಂದು ಮಧ್ಯಾಹ್ನ ಹಾಗೆ ಒತ್ತಿದಾಗ ಅವರು ಕಪ್ಪನ್ನು ಕೆಳಗಿಟ್ಟರು.

"ನಮ್ಮೋರು ಕಿಸ್ ಮಾಡಿದ್ರೆ ನೋಡೋಕೆ ನಿಮಗೆ ಅಸಹ್ಯಾನಾ? ನಾನು ಚಿಕ್ಕವಳಿದ್ದಾಗ ಸಿನಿಮಾದಲ್ಲಿ ನಮ್ಮೋರು ಬೇರೆಯವರಿಗೆ ಅಡುಗೆ ಮಾಡ್ತಿದ್ರು, ಬಾಗಿಲು ತೆಗೀತಿದ್ರು. ಪ್ರೀತಿ ಮಾಡೋದನ್ನ ಈಗೀಗ ತೋರಿಸ್ತಿದ್ದಾರೆ. ನೀವು ಅದನ್ನೇ ಓಡಿಸ್ತೀರಿ."

ಅವರು ಪರ್ಸ್ ಎತ್ತಿಕೊಂಡರು. ಹೀಗೆ ಹೋದರೆ ಇನ್ನು ಬರುವುದಿಲ್ಲ ಎಂದು ನನಗೆ ಗೊತ್ತಾಯಿತು. "ಪ್ಲೀಸ್, ಒಂದೇ ನಿಮಿಷ" ಎಂದು ಇಂಡಿಯನ್ ಗ್ರೋಸರಿಯಿಂದ ತಂದಿದ್ದ ಕನ್ನಡ ಸಿನಿಮಾ ಹಾಕಿದೆ. ಪಾರ್ಕಿನಲ್ಲಿ ಜೋಡಿ ಹತ್ತಿರ ಬಂತು. ಕ್ಯಾಮೆರಾ ಮರ್ಯಾದೆಯಿಂದ ಎರಡು ಹೂಗಳ ಕಡೆ ತಿರುಗಿತು. ಹೂವಿಗೆ ಹೂ ತಾಗುವಷ್ಟರಲ್ಲಿ ನನ್ನ ಬೆರಳು ಫಾರ್ವರ್ಡ್ ಒತ್ತಿಯಾಗಿತ್ತು.

"ಹೂವನ್ನೂ ಬಿಡಲ್ವಾ ನೀವು?"

"ಹೂವನ್ನೂ" ಎಂದೆ.

ಅವರು ಸೋಫಾ ಅಲುಗಾಡುವಂತೆ ನಕ್ಕರು. ನನ್ನ ಕೈಯಿಂದ ರಿಮೋಟ್ ಕಿತ್ತುಕೊಂಡು ತಮ್ಮ ಕ್ಯಾಸೆಟ್ಟನ್ನೇ ಮತ್ತೆ ಹಾಕಿ ಹಿಂದಕ್ಕೆ ಓಡಿಸಿದರು. ಮುತ್ತು ಬಂತು. ನಾನು ಪರೀಕ್ಷೆಗೆ ಕೂತವಳಂತೆ ನೆಟ್ಟಗೆ ಕೂತು ನೋಡಿದೆ.

"ಉಸಿರಾಡಿ, ಡಿಯರ್" ಎಂದರು.

ಅದರ ನಂತರದ ದೃಶ್ಯವನ್ನು ನಾನು ನೋಡಿಯೇ ಇರಲಿಲ್ಲ, ಮುತ್ತಿನ ಜೊತೆ ಅದೂ ಓಡಿಹೋಗಿತ್ತು. ಅವನು ಅವಳನ್ನು ಕಾಲ ಬಳಿ ಕೂರಿಸಿಕೊಂಡು, ಗುಂಗುರು ಕೂದಲನ್ನು ಬೈತಲೆ ಬೈತಲೆಯಾಗಿ ಬಿಡಿಸುತ್ತ ನೆತ್ತಿಗೆ ಎಣ್ಣೆ ಹಚ್ಚುತ್ತಿದ್ದ. ನನಗೆ ಅಮ್ಮ ಹಚ್ಚಿದ್ದಳು. ನಮ್ಮ ಮನೆಯವರು ಒಳ್ಳೆಯವರೇ, ಆದರೆ ನನ್ನ ಎಣ್ಣೆ ಬಾಟಲಿ ಎಲ್ಲಿರುತ್ತದೆಂದು ಅವರಿಗೆ ಕೊನೆಯವರೆಗೂ ಗೊತ್ತಿರಲಿಲ್ಲ. ಹಚ್ಚಿ ಎಂದು ನಾನೂ ಕೇಳಿದವಳಲ್ಲ.

"ಆ ಎಣ್ಣೆ ಹಚ್ಚೋದು ಇನ್ನೊಂದ್ಸಲ ಹಾಕ್ತೀರಾ?" ಎಂದೆ.

"ರಿವೈಂಡ್ ಮಾಡಿದ್ರೆ ಕಿಸ್ಸೂ ಬರುತ್ತೆ, ನೋಡಿ."

"ಬರಲಿ ಬಿಡಿ" ಎಂದೆ.