ಎದಿ ಹಾರತೈತಿ

ಗಾದಿ ಕಾಕಾನ ಹುಬ್ಬಿನ ಮೇಲೆ ಸದಾ ಒಂದು ಹತ್ತಿಯ ಎಳೆ ಕೂತಿರುತ್ತಿತ್ತು. ಮಾತಾಡುವಾಗ ಉಸಿರಿಗೆ ನಡುಗುತ್ತಿತ್ತು. ಮರಾಠಿ ಸೀಮೆಯೊಳಗಿನ ನಮ್ಮ ಕನ್ನಡ ಊರು ಉಟಗಿಯಲ್ಲಿ ನಮ್ಮ ಗೋಡೆಗೆ ಹತ್ತಿದ ಮನೆ ಅವರದು. ತಾಲೂಕಿನ ಊರು ಜತ್ತಕ್ಕೆ ಹಿಂಜುವ ಯಂತ್ರ ಬಂದ ಮೇಲೂ ಬಿಲ್ಲಿನಿಂದಲೇ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದರು. ಬಿಲ್ಲಿನ ತಂತಿ ಠಂಯ್ ಎಂದ ಬಗೆಯಿಂದಲೇ ಹತ್ತಿಯ ತೇವ ಹೇಳುತ್ತಿದ್ದರು. "ಕಣ್ಣಿನ ಕೆಲಸಲ್ಲಪಾ ಇದು, ಕಿವೀದು" ಎನ್ನುತ್ತಿದ್ದರು. ಕೊಲ್ಹಾಪುರದಲ್ಲಿ ಎಂ.ಎಸ್ಸಿ. ಓದಿ ಬಂದು ಎಲ್ಲದಕ್ಕೂ ಪುರಾವೆ ಕೇಳುತ್ತಿದ್ದ ನನಗೆ ಅವರಿಟ್ಟ ಹೆಸರು ‘ಶಾಣ್ಯಾ’, ಅಂದರೆ ಜಾಣ. ಅದು ಹೊಗಳಿಕೆಯಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಎರಡು ವರ್ಷದ ಹಿಂದೆ ಅವರಿಗೆ ಮಲೇರಿಯಾ ಆಯಿತು. ಊರಿಗೆ ಬರುವ ನರ್ಸಬಾಯಿ ರಕ್ತ ನೋಡಿ ಮೂರು ದಿನದ ಕ್ಲೋರೋಕ್ವಿನ್ ಗುಳಿಗೆ ಕೊಟ್ಟರು. ಜ್ವರ ಇಳಿಯಿತು. ಮೂರನೆಯ ದಿನ ಆಕೆ ವಿಚಾರಿಸಲು ಬಂದಾಗ ಕಾಕಾ ಹೊರಸಿನ ಮೇಲೆ ಎದೆಗೆ ಕೈಯಿಟ್ಟು ಕೂತಿದ್ದರು. "ಎದಿ ಹಾರತೈತಿ" ಎಂದರು.

ನಮ್ಮಲ್ಲಿ ಎದೆಬಡಿತ ಏರುಪೇರಾದವರೂ, ಅಂಜಿದವರೂ ಹಾಗೇ ಅನ್ನುತ್ತಾರೆ. ಕನ್ನಡ ಬಾರದ ನರ್ಸಬಾಯಿ ನನ್ನತ್ತ ನೋಡಿದರು. "ಘಾಬರಲೇತ" ಎಂದೆ, ಮರಾಠಿಯಲ್ಲಿ. ಹೆದರಿದ್ದಾರೆ ಅಷ್ಟೆ. ಆಕೆ ನಕ್ಕು, ಧೈರ್ಯ ಹೇಳಿ, ಉಳಿದ ಗುಳಿಗೆ ಮುಗಿಸಲು ತಿಳಿಸಿ ಹೋದರು.

ಕಾಕಾನಿಗೆ ಮರಾಠಿ ನನ್ನಷ್ಟೇ ಬರುತ್ತಿತ್ತು. ಆದರೂ ತಿದ್ದಲಿಲ್ಲ. "ಶಾಣ್ಯಾ ಅಂದಮ್ಯಾಲ ಮುಗೀತು" ಎಂದು ಗುಳಿಗೆ ನುಂಗಿದರು. ಅಥವಾ ಹಾಗೆಂದದ್ದು ಬೇರೆ ಯಾವತ್ತೋ? ಅವರ ಹೆಂಡತಿ, ನಮ್ಮ ಕಾಕಿ, ಹೇಳುವುದು ಬೇರೆ. ಕಾಕಾ ಅವತ್ತು ಹೊರಸಿನ ಕಟ್ಟಿಗೆಗೆ ಬೆರಳು ಬಡಿದು ತೋರಿಸಿದರಂತೆ: ಟಕ್, ಟಕ್, ಆಮೇಲೆ ಏನೂ ಇಲ್ಲ, ಆಮೇಲೆ ಗಡಿಬಿಡಿಯಲ್ಲಿ ನಾಲ್ಕು. "ತಂತಿ ಸಡಲ ಆಗೇತಿ" ಎಂದರಂತೆ. ನಾನು ಎದುರಿಗೇ ಇದ್ದೆನಂತೆ. ನನಗೆ ನೆನಪಿರಲಿಲ್ಲ. ಈಗೀಗ ಆ ಬೆರಳು ಕಣ್ಣಿಗೆ ಕಟ್ಟುತ್ತದೆ. ಅದು ನೆನಪೋ, ಕಾಕಿಯ ಮಾತೋ, ಹೇಳಲಾರೆ.

ಅದೇ ದಿನ ಸಂಜೆಯ ನಮಾಜಿಗೆ ಏಳುವಾಗ ಕಾಕಾ ಬಿದ್ದರು. ಜೀಪು ಜತ್ತ ಮುಟ್ಟುವುದರೊಳಗೆ ಉಸಿರು ನಿಂತಿತ್ತು. ಅಲ್ಲಿಯ ಡಾಕ್ಟರು ಕನ್ನಡದಲ್ಲೇ ನಿಧಾನವಾಗಿ ಹೇಳಿದರು: ಆ ಗುಳಿಗೆ ಅಪರೂಪಕ್ಕೆ ಕೆಲವರ ಎದೆಬಡಿತದ ಲಯ ಕೆಡಿಸುತ್ತದೆ, ಇವರಿಗೆ ಅದೇ ಆಯಿತೆಂದು ಖಾತ್ರಿ ಹೇಳಲಾರೆ, ಒಂದು ಇಸಿಜಿ ತೆಗೆದಿದ್ದರೆ ತಿಳಿಯುತ್ತಿತ್ತು. ಬಡಿತ ತಪ್ಪುತ್ತಿದೆಯೆಂದು ರೋಗಿ ಏನೂ ಹೇಳಿರಲಿಲ್ಲವೇ ಎಂದು ಕೇಳಿದರು.

ಕಾಕಿ ಒಮ್ಮೆ ನನ್ನ ಮುಖ ನೋಡಿದರು.

"ಅಂಜ್ಯಾರ ಅಂತ ತಿಳದಿದ್ವಿರಿ" ಎಂದರು.

ಹಾಗೆ ತಿಳಿದಿದ್ದವನು ನಾನೊಬ್ಬನೇ. ಆಕೆ ಅದನ್ನು ‘ನಾವು’ ಮಾಡಿ, ತಮ್ಮ ಮೇಲೂ ಹಾಕಿಕೊಂಡು ಹೇಳಿದರು. ಉಳಿದ ನೆನಪೆಲ್ಲ ಸುಳ್ಳಿರಬಹುದು, ಇದಲ್ಲ.