ಮಳೆ ಬಂದಾಗ ಜಿಂಕೆಗಳು ಎಲ್ಲಿ ಹೋಗುತ್ತವೆ

ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ನಾವು ಏಳು ಮಂದಿ ಕನ್ನಡದವರು ನೈರೋಬಿಗೆ ಅಂಟಿಕೊಂಡಿರುವ ವನ್ಯಜೀವಿ ಪಾರ್ಕಿಗೆ ಜಿಂಕೆ ಎಣಿಸಲು ಹೋಗುತ್ತಿದ್ದೆವು. ನಿಜ ಹೇಳಬೇಕೆಂದರೆ ಇಲ್ಲಿ ಜಿಂಕೆಯೇ ಇಲ್ಲ, ಇರುವುದೆಲ್ಲ ನಮ್ಮ ಚಿಗರೆಯ ಹಾಗೆ ಕೊಂಬು ಉದುರದ ಬಳಗ. ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವ ನಾನು ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಕೈಬಿಟ್ಟೆ. ಗುಂಪು ಕಟ್ಟಿದವರು ಊರೊಳಗಿನ ಪಂಗಾನಿಯಲ್ಲಿ ಕ್ಲಿನಿಕ್ ಇಟ್ಟಿರುವ, ಮಂಗಳೂರು ಕಡೆಯ ಹಿರಿಯ ಡಾಕ್ಟರು. ವ್ಯಾನು ಅವರದು, ದುರ್ಬೀನು ಅವರದು, ಕೊನೆಯ ಮಾತೂ ಅವರದೇ.

ಜೊತೆಗೆ, ಎಣಿಕೆಯ ಗುಂಪುಗಳಿಗೆಲ್ಲ ದಿನಗೂಲಿಗೆ ಪ್ರಾಣಿ ತೋರಿಸುವ, ಮಸಾಯಿ ಬುಡಕಟ್ಟಿನ ಒಬ್ಬ ವಯಸ್ಸಾದವರು ಬರುತ್ತಿದ್ದರು. ಪಾರ್ಕಿನ ದಕ್ಷಿಣಕ್ಕೆ, ಬೇಲಿಯಿಲ್ಲದ ಕಡೆಯ ಬಯಲಿನಲ್ಲಿ ಅವರ ಮನೆ, ಮೇಕೆಗಳು. ನಾವು ಅವರನ್ನು 'ಮ್ಜೇ' ಎನ್ನುತ್ತಿದ್ದೆವು. ಹಿರಿಯರೇ ಎಂದ ಹಾಗೆ. ನಮಗೆ ಕಲ್ಲಿನಂತೆ ಕಂಡದ್ದು ಅವರ ಕಣ್ಣಿಗೆ ಮಲಗಿದ ಗೆಜೆಲ್ ಚಿಗರೆ ಆಗಿರುತ್ತಿತ್ತು. ಅವರು ತೋರಿಸುವುದು, ನಾನು ಬರೆದು ಸಹಿ ಹಾಕುವುದು.

ಫೆಬ್ರವರಿಯ ಬಿಸಿಲಿನಲ್ಲಿ ಕೆರೆಯ ಸುತ್ತ ಎಷ್ಟು ಗುಂಪುಗಳಿದ್ದವೆಂದರೆ ಬರೆದು ಬೆರಳು ನೋಯುತ್ತಿತ್ತು. ನೀರಿನ ಪಕ್ಕದ ಪೊದೆಯಲ್ಲಿ ಕಾದಿದ್ದ ಸಿಂಹಿಣಿ ನಮ್ಮೆದುರೇ ಒಂದನ್ನು ಹಿಡಿಯಿತು. ದೊಡ್ಡ ಮಳೆ ಸುರಿದು ಮೇ ತಿಂಗಳಿನಲ್ಲಿ ಅದೇ ದಾರಿಯಲ್ಲಿ ಹೋದಾಗ ಅರ್ಧ ಪುಟವೂ ತುಂಬಲಿಲ್ಲ.

"ಎಂತ ಮೇಡಂ ಇದು? ಮಳೆ ಬಂದ್ರೆ ಹುಲ್ಲು ಜಾಸ್ತಿ, ಹುಲ್ಲು ಜಾಸ್ತಿ ಆದ್ರೆ ಜಿಂಕೆ ಜಾಸ್ತಿ ಆಗ್ಬೇಕಲ್ಲ? ಯಾರೋ ಉರುಳು ಹಾಕಿ ಹಿಡೀತಿದ್ದಾರೆ ಮಾರಾಯ್ರೆ," ಎಂದರು ಡಾಕ್ಟರು.

"ಹುಲ್ಲು ಎದೆ ಮಟ್ಟ ಬೆಳೆದಿದೆ, ಡಾಕ್ಟ್ರೇ. ಇದ್ರೂ ಕಾಣಲ್ಲ," ಎಂದೆ. ಅಷ್ಟು ಹೇಳಿ ಸುಮ್ಮನಾದೆ. ಇವತ್ತಿಗೂ ನನಗೆ ಮೈ ಉರಿಯುವುದು ಆ ಸುಮ್ಮನಿದ್ದುದಕ್ಕೆ.

ಆ ವಾರವೇ ಅವರು ಒಂದು ಪತ್ರ ಬರೆದು, ನನ್ನ ಸಹಿಯಿದ್ದ ಹಾಳೆಯನ್ನೂ ಸೇರಿಸಿ, ಎಣಿಕೆಗೆ ಹೋಗುವ ಬೇರೆ ಗುಂಪುಗಳಿಗೆಲ್ಲ ಕಳಿಸಿದರು. ಹಿಂಡು ಎಲ್ಲಿದೆಯೆಂದು ಬಲ್ಲ ಹೊರಗಿನವನೊಬ್ಬ ಬೇಟೆಯವರಿಗೆ ಸುದ್ದಿ ಕೊಡುತ್ತಿರಬಹುದು ಎಂದಿತ್ತು ಅದರಲ್ಲಿ. ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಮುಂದಿನ ತಿಂಗಳು ಮ್ಜೇಯನ್ನು ಯಾವ ಗುಂಪೂ ಕರೆಯಲಿಲ್ಲ.

ನಾನು ಮಗಳನ್ನು ಕರೆದುಕೊಂಡು ಅವರ ಮನೆ ಹುಡುಕಿಕೊಂಡು ಹೋದೆ. ಏನು ಹೇಳಬೇಕೆಂದು ತಿಳಿಯದೆ ಸ್ವಾಹಿಲಿಯಲ್ಲಿ ತಡವರಿಸುತ್ತಿದ್ದಾಗ ಅವರೇ, "ಬಾ, ಮ್ವಾಲಿಮು," ಎಂದು ಮನೆಯ ಹಿಂದಿನ ದಿಬ್ಬ ಹತ್ತಿಸಿದರು. ಟೀಚರನ್ನು ಇಲ್ಲಿ ಹಾಗೆಯೇ ಕರೆಯುವುದು. ಕೆಳಗಿನ ಬಯಲಿನಲ್ಲಿ, ಹೊಸ ಮನೆಗಳ ತಂತಿಬೇಲಿಗಳ ನಡುವೆ ಉಳಿದಿದ್ದ ಜಾಗದಲ್ಲಿ, ಗೆಜೆಲ್‌ಗಳು, ಉದ್ದ ಮುಖದ ದೊಡ್ಡ ಚಿಗರೆ ಕೊಂಗೋನಿಗಳು, ಎಳೆಯ ಮರಿಗಳು.

"ಅಮ್ಮಾ, ದೇ ಆರ್ ಆಲ್ ಹಿಯರ್!" ಎಂದಳು ಮಗಳು.

"ಎತ್ತರದ ಹುಲ್ಲಿನಲ್ಲಿ ಸಿಂಹ ಕಾಣುವುದಿಲ್ಲ, ಅದಕ್ಕೆ ಇವು ಗಿಡ್ಡ ಹುಲ್ಲಿಗೆ ಬರುತ್ತವೆ," ಎಂದರು ಮ್ಜೇ. "ಮಳೆಗಾಲದಲ್ಲಿ ನೀರು ಎಲ್ಲ ಕಡೆ ಇರುತ್ತದೆ, ಕೆರೆ ಯಾರಿಗೆ ಬೇಕು? ಒಣಗಿದ ಮೇಲೆ ತಿರುಗಿ ಒಳಗೆ ಹೋಗುತ್ತವೆ. ಸಿಂಹಕ್ಕೆ ಆಗ ಸುಲಭ, ನೀರಿನ ಹತ್ತಿರ ಕೂತರೆ ಸಾಕು. ಈಗ ಅದಕ್ಕೆ ಬೇಟೆ ಸಿಗುವುದಿಲ್ಲ, ನನ್ನ ಮೇಕೆಗೆ ಬರುತ್ತದೆ."

ದಿಬ್ಬದ ಮೇಲಿಂದ ಫೋನಿನಲ್ಲಿ ತೆಗೆದ ಫೋಟೋಗಳನ್ನು ಡಾಕ್ಟರಿಗೆ ತೋರಿಸಿದೆ. ಒಂದೊಂದನ್ನೂ ದೊಡ್ಡದು ಮಾಡಿ ನೋಡಿದರು. "ಇವು ಪಾರ್ಕಿನವೇ ಅಂತ ಹೇಗೆ ಹೇಳ್ತೀರಿ? ಬೇರೆ ಜಿಂಕೆ ಇರಬಹುದಲ್ಲ?" ಎಂದು ಫೋನು ವಾಪಸು ಕೊಟ್ಟರು.

ಸೆಪ್ಟೆಂಬರಿನಲ್ಲಿ ಹುಲ್ಲು ಒಣಗಿ ನೆಲ ಕಂಡಿತು. ಕೆರೆಯ ಸುತ್ತ ಮತ್ತೆ ಹಿಂಡುಗಳು ನೆರೆದಿದ್ದವು. ಡಾಕ್ಟರು ಹಿಂದಕ್ಕೆ ತಿರುಗಿ ಎಲ್ಲರಿಗೂ ಕೇಳುವಂತೆ, "ನೋಡಿದ್ರಾ? ಆ ಮನುಷ್ಯನನ್ನು ದೂರ ಇಟ್ಟದ್ದೇ ಇಟ್ಟದ್ದು, ಜಿಂಕೆ ವಾಪಸ್!" ಎಂದರು. ವ್ಯಾನಿನಲ್ಲಿ ಚಪ್ಪಾಳೆ ಬಿತ್ತು.

"ಡಾಕ್ಟ್ರೇ, ಪ್ರತಿ ವರ್ಷ ಬಿಸಿಲಿಗೆ ಹೀಗೇ ಬರ್ತವೆ! ನಮ್ಮ ಹಳೇ ಹಾಳೆ ತೆಗೆದು ನೋಡಿ. ಅವ್ರ ಹತ್ರ ಕ್ಷಮೆ ಕೇಳ್ಬೇಕು ನೀವು. ನಾನೂ ಕೇಳ್ಬೇಕು." ನನ್ನ ದನಿ ನನಗೇ ಕರ್ಕಶವಾಗಿ ಕೇಳಿಸಿತು.

"ಅಂಕಿ ಸುಳ್ಳು ಹೇಳ್ತದಾ ಮೇಡಂ? ಬರೆದದ್ದು ನೀವೇ ಅಲ್ವಾ?"

ಅಂಕಿ ಸುಳ್ಳಾಗಿರಲಿಲ್ಲ, ಅದೇ ತಲೆ ಕೆಡಿಸುತ್ತಿದ್ದುದು. ಗೇಟಿನ ಬಳಿ ವ್ಯಾನು ನಿಲ್ಲಿಸಲು ಹೇಳಿ ಇಳಿದೆ. ಯಾರೂ ತಡೆಯಲಿಲ್ಲ. ಮಟಾಟು ಎನ್ನುವ ಬಾಡಿಗೆ ವ್ಯಾನು ಹಿಡಿದು ಸೌತ್ ಬಿಯ ನಮ್ಮ ಮನೆಗೆ ಬಂದು, ಆ ಪತ್ರ ತಲುಪಿದ್ದ ಎಲ್ಲ ಗುಂಪುಗಳಿಗೂ ಇನ್ನೊಂದು ಪತ್ರ ಬರೆದೆ: ಆ ಹಾಳೆ ನನ್ನದು, ಅದರಿಂದ ತೆಗೆದ ಅರ್ಥ ತಪ್ಪು, ಹೇಗೆಂದರೆ ಹೀಗೆ. ಒಬ್ಬರು ಮಾತ್ರ 'ಇಂಟರೆಸ್ಟಿಂಗ್' ಎಂದು ಉತ್ತರಿಸಿದರು.

ಮ್ಜೇಗೆ ಇದನ್ನೆಲ್ಲ ಹೇಳಲು ಹೋದಾಗ ಅವರು ಮನೆಯಲ್ಲಿರಲಿಲ್ಲ. ಕಲ್ಲು ಕ್ವಾರಿಯಲ್ಲಿ ಕಾವಲು ಕೆಲಸಕ್ಕೆ ಸೇರಿದ್ದಾರೆ, ಕತ್ತಲಾದ ಮೇಲೇ ಬರುವುದು ಎಂದರು ಅವರ ಹೆಂಡತಿ. ಚಹಾ ಕೊಟ್ಟರು. ಕುಡಿದು, ಹೇಳಬೇಕಾದದ್ದನ್ನು ಅವರಿಗೇ ಹೇಳಿ ಬಂದೆ.